ಕೈಗುಣವೂ ನಾಮಫಲಕವೂ

ಈ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಜಮಾ-ಖರ್ಚು, ಸಾಲ-ಜಾಮೀನುಗಳ ನಡುವೆ ದಿನ ಕಳೆಯುತ್ತ ಬಂದವನು. ಆರೋಗ್ಯದ ವಿಷಯದಲ್ಲಿ ನನಗಿರುವ ತಿಳಿವಳಿಕೆ ಒಬ್ಬ ಸಾಮಾನ್ಯ ರೋಗಿಗೆ ಇರುವಷ್ಟೇ. ಆದರೂ ಎರಡು ವರ್ಷಗಳ ಹಿಂದೆ ನನ್ನ ಮೇಜಿಗೆ ಬಂದ ಸಾಲದ ಅರ್ಜಿಯೊಂದು ನನ್ನನ್ನು ಆರೋಗ್ಯದ ಒಂದು ಪ್ರಶ್ನೆಗೆ ಎದುರಾಗಿ ನಿಲ್ಲಿಸಿತು. ಅದು ಮುಂಬಯಿಯಲ್ಲಿ ನೆಲಸಿರುವ ನಮ್ಮಂಥ ಕನ್ನಡಿಗರೆಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೆಂದು ತೋರಿದುದರಿಂದ, ಅರ್ಜಿದಾರರ ಅನುಮತಿಯನ್ನು ಪಡೆದು, ಅವರ ಹೆಸರನ್ನು ಮಾತ್ರ ಹೇಳದೆ, ಇಲ್ಲಿ ನಿವೇದಿಸುತ್ತಿದ್ದೇನೆ.

ಅರ್ಜಿದಾರರು ಬೆಳಗಾವಿ ಕಡೆಯವರು. ವಯಸ್ಸು ನಲವತ್ತರ ಆಸುಪಾಸು. ಬಾಲ್ಯದಲ್ಲಿ ಊರಿನ ಗರಡಿಮನೆಯಲ್ಲಿ ಉಸ್ತಾದರ ಕೈಕೆಳಗೆ ಪೈಲ್ವಾನರ ಮೈ ತಿಕ್ಕುತ್ತ ಮಾಲೀಶಿನ ವಿದ್ಯೆಯನ್ನು ಕಲಿತವರು. ಹತ್ತನೆಯ ಇಯತ್ತೆ ಮುಗಿಸಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದರು. ಮೊದಲು ಹೋಟೆಲಿನಲ್ಲಿ ಕೆಲಸ, ಅನಂತರ ವ್ಯಾಯಾಮಶಾಲೆಯೊಂದರಲ್ಲಿ ಮಾಲೀಶು, ಕಡೆಗೆ ಉಪನಗರದಲ್ಲಿ ಮನೆಮನೆಗೆ ಹೋಗಿ ಮಾಡುವ ಸ್ವತಂತ್ರ ವೃತ್ತಿ. ನಮ್ಮ ತಾಯಿಯವರಿಗೆ ಸೊಂಟನೋವು ಕಾಣಿಸಿಕೊಂಡ ಮೇಲೆ ವಾರಕ್ಕೊಮ್ಮೆ ನಮ್ಮ ಮನೆಗೂ ಬರತೊಡಗಿದರು. ವೈದ್ಯರು ಹೇಳಿದ ಗುಳಿಗೆ, ವ್ಯಾಯಾಮಗಳ ಜೊತೆಗೆ ಇವರ ಮಾಲೀಶೂ ಸೇರಿ ತಾಯಿಯವರು ಮತ್ತೆ ನೆಮ್ಮದಿಯಿಂದ ನಡೆದಾಡುವಂತಾದರು. “ಅವನ ಕೈಗುಣ” ಎಂದು ತಾಯಿಯವರು ಬಂದವರೆದುರಿಗೆಲ್ಲ ಹೊಗಳುತ್ತಿದ್ದರು.

ಇಂಥವರು ಒಂದು ದಿನ ಬ್ಯಾಂಕಿಗೆ ಬಂದು, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಐದು ಲಕ್ಷ ರೂಪಾಯಿ ಸಾಲ ಬೇಕೆಂದರು. ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಚಿಕಿತ್ಸೆಯ ಮೇಜು ಮುಂತಾದುವನ್ನು ಕೊಂಡು, ಸ್ವಂತ ಕ್ಲಿನಿಕ್ ತೆರೆಯುವುದು ಅವರ ಇಚ್ಛೆ. ಅರ್ಜಿಯ ಜೊತೆಗೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವೊಂದಿತ್ತು. ಖಾಸಗಿ ಸಂಸ್ಥೆಯೊಂದು ನಡೆಸಿದ ಆರು ದಿನಗಳ ಶಿಬಿರದಲ್ಲಿ ಅವರು ‘ಆಸ್ಟಿಯೋಪಥಿ’ಯಲ್ಲಿ ತರಬೇತಿ ಹೊಂದಿದ್ದಾರೆಂದು ಅದರಲ್ಲಿ ಬರೆದಿತ್ತು. ಅದಕ್ಕೆ ಅವರು ತೆತ್ತ ಶುಲ್ಕ ಅವರ ಎರಡು ತಿಂಗಳ ಗಳಿಕೆಗಿಂತ ಹೆಚ್ಚು. ಕ್ಲಿನಿಕ್ಕಿನ ನಾಮಫಲಕದ ನಕಲನ್ನೂ ತಂದಿದ್ದರು. ಅದರಲ್ಲಿ ಅವರ ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರವಿತ್ತು.

ಮಾಲೀಶಿನ ವೃತ್ತಿ ಚೆನ್ನಾಗಿಯೇ ನಡೆಯುತ್ತಿರುವಾಗ ಇದೇಕೆ ಎಂದು ವಿಚಾರಿಸಿದೆ. ಅವರು ಕೊಟ್ಟ ಉತ್ತರ ಇದು: “ಸಾಹೇಬ್ರ, ಮಾಲೀಶಿನಾಂವ ಬಂದಾನ ಅಂದ್ರ ಬಾಗಲದಾಗ ನಿಂದರಸ್ತಾರ. ಡಾಕ್ಟರು ಬಂದಾರ ಅಂದ್ರ ಕುರ್ಚಿ ಹಾಕ್ತಾರ. ಕೈ ಮಾತ್ರ ಅವ ಕೈ ಅಲ್ರೀ?”

ನಾನು ತಲೆತಗ್ಗಿಸಿದೆ. ಏಕೆಂದರೆ ಮೂರು ವರ್ಷಗಳ ಕಾಲ ನಮ್ಮ ಮನೆಗೆ ಬಂದ ಆ ಮನುಷ್ಯನಿಗೆ ನಾವು ಚಹಾ ಕೊಡುತ್ತಿದ್ದುದು ಅಡಿಗೆಮನೆಯ ಬಾಗಿಲಲ್ಲಿ, ನಿಂತಲ್ಲಿಯೇ. ಕುರ್ಚಿಯಲ್ಲಿ ಕುಳ್ಳಿರಿಸಿ ಕೊಟ್ಟ ನೆನಪು ನನಗಿಲ್ಲ.

ಮಾಲೀಶು ಹೊಸ ವಿದ್ಯೆಯಲ್ಲ

ನಮ್ಮ ನಾಡಿನಲ್ಲಿ ಅಂಗಮರ್ದನಕ್ಕೆ ಇರುವ ಸ್ಥಾನವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ ಹಿರಿಯರು ನೆತ್ತಿಗೆ ಎಣ್ಣೆಯೊತ್ತಿದ ನೆನಪು ನಮ್ಮೆಲ್ಲರಿಗೂ ಉಂಟು. ಆಯುರ್ವೇದದ ದಿನಚರ್ಯೆಯಲ್ಲಿ ಅಭ್ಯಂಗಕ್ಕೆ ಸ್ಥಾನವಿದೆ. ಬಾಣಂತಿಗೂ ಎಳೆಗೂಸಿಗೂ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯರಿಲ್ಲದ ಊರು ನಮ್ಮ ಬಾಲ್ಯದಲ್ಲಿರಲಿಲ್ಲ. ಉಳುಕು ತೆಗೆಯುವವರು, ಮುರಿದ ಮೂಳೆಗೆ ಕಟ್ಟು ಕಟ್ಟುವವರು ಹಳ್ಳಿ ಹಳ್ಳಿಯಲ್ಲಿದ್ದರು. ಆಂಧ್ರದ ಪುತ್ತೂರಿನ ಕಟ್ಟು ದಕ್ಷಿಣ ಭಾರತಕ್ಕೆಲ್ಲ ಪರಿಚಿತ. ಆದರೆ ನಗರಕ್ಕೆ ಬಂದೊಡನೆ ಈ ವಿದ್ಯೆ ತನ್ನ ಮರ್ಯಾದೆಯನ್ನು ಕಳೆದುಕೊಂಡಿತು. 1957ರ ‘ಪ್ಯಾಸಾ’ ಚಿತ್ರದಲ್ಲಿ ಜಾನಿ ವಾಕರ್ ಎಣ್ಣೆಯ ಸೀಸೆ ಹಿಡಿದು ಹಾಡುವ ದೃಶ್ಯವನ್ನು ಮೆಚ್ಚದವರಿಲ್ಲ. ಆ ಪಾತ್ರವನ್ನು ನೋಡಿ ನಕ್ಕ ನಾವು ಅವನ ವಿದ್ಯೆಯನ್ನು ವಿದ್ಯೆಯೆಂದು ಮಾತ್ರ ಗಣಿಸಲಿಲ್ಲ. ಆದುದರಿಂದ ಒಬ್ಬ ಮಾಲೀಶಿನವನು ಹೆಚ್ಚಿನ ಗೌರವವನ್ನು ಬಯಸಿ ಬೇರೊಂದು ಹೆಸರಿನತ್ತ ಕೈಚಾಚಿದರೆ ತಪ್ಪು ಅವನದೊಬ್ಬನದೇ ಅಲ್ಲ.

ಆಸ್ಟಿಯೋಪಥಿ ಎಂದರೇನು?

ಅರ್ಜಿಯನ್ನು ಪರಿಶೀಲಿಸುವ ಸಲುವಾಗಿ ಈ ಪದ್ಧತಿಯ ವಿಷಯವನ್ನು ಕೆಲವು ವಾರ ಓದಿ ತಿಳಿದುಕೊಂಡೆ. ಗ್ರೀಕ್ ಭಾಷೆಯಲ್ಲಿ ‘ಆಸ್ಟಿಯಾನ್’ ಎಂದರೆ ಮೂಳೆ, ‘ಪಾಥೋಸ್’ ಎಂದರೆ ವೇದನೆ. ಇದರ ಪ್ರವರ್ತಕ ಆಂಡ್ರ್ಯೂ ಟೇಲರ್ ಸ್ಟಿಲ್, ಅಮೆರಿಕದ ವರ್ಜೀನಿಯಾದಲ್ಲಿ 1828ರಲ್ಲಿ ಜನಿಸಿದವನು. ತಂದೆ ಧರ್ಮಬೋಧಕನೂ ವೈದ್ಯನೂ ಆಗಿದ್ದ. ತಂದೆಯ ಜೊತೆಗಿದ್ದು ವೈದ್ಯ ಕಲಿತ ಸ್ಟಿಲ್, 1864ರಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡ. ಅಂದಿನ ಔಷಧಗಳಲ್ಲಿ ಅವನಿಗಿದ್ದ ನಂಬಿಕೆ ಅಳಿಯಿತು. ದೇಹದ ಮೂಳೆ, ಕೀಲು, ಸ್ನಾಯುಗಳು ತಮ್ಮ ತಮ್ಮ ಸ್ಥಾನದಲ್ಲಿದ್ದು ರಕ್ತ ಸರಾಗವಾಗಿ ಹರಿದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆಂಬ ಸಿದ್ಧಾಂತವನ್ನು 1874ರಲ್ಲಿ ಸಾರಿದ. ಮಿಂಚಿನ ವೇಗದಲ್ಲಿ ಮೂಳೆ ಕೂರಿಸುವವನೆಂದು ತನ್ನನ್ನು ತಾನೇ ಕರೆದುಕೊಂಡು ಊರೂರು ಅಲೆದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ ಶಾಲೆಯನ್ನು ತೆರೆದ. ಮೊದಲ ವರ್ಗದಲ್ಲಿಯೇ ಮಹಿಳೆಯರಿಗೂ ಪ್ರವೇಶವಿತ್ತೆಂಬುದು ಆ ಕಾಲಕ್ಕೆ ಶ್ಲಾಘನೀಯ ಸಂಗತಿ.

ಒಬ್ಬ ಊರಾಡಿ ಮೂಳೆ ಕೂರಿಸುವವನಿಂದ ಹೊರಟ ಈ ಪದ್ಧತಿ ಇಂದು ಎಲ್ಲಿಗೆ ಬಂದಿದೆಯೆಂಬುದು ವಿಚಾರಣೀಯ. ಅಮೆರಿಕದಲ್ಲಿ ಇದರ ಕಾಲೇಜುಗಳು ಕ್ರಮೇಣ ವೈದ್ಯಕೀಯ ಕಾಲೇಜುಗಳೇ ಆದುವು. 1973ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲಿಯೂ ಅಲ್ಲಿನ ಪದವೀಧರರಿಗೆ ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಅಧಿಕಾರ ದೊರೆತಿತ್ತು. ಬ್ರಿಟನ್ನಿನ ಕಥೆ ಬೇರೆ. ಸ್ಟಿಲ್‌ನ ಶಿಷ್ಯ ಜಾನ್ ಮಾರ್ಟಿನ್ ಲಿಟಲ್‌ಜಾನ್ ಲಂಡನ್ನಿನಲ್ಲಿ ಶಾಲೆಯೊಂದನ್ನು ಸ್ಥಾಪಿಸಿದ. 1935ರಲ್ಲಿ ಈ ವೃತ್ತಿಗೆ ಕಾನೂನಿನ ಮನ್ನಣೆ ಕೋರಿ ಮಸೂದೆ ಬಂದಾಗ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿ ಲಿಟಲ್‌ಜಾನ್‌ನನ್ನೂ ಇತರರನ್ನೂ ಕೂಲಂಕಷವಾಗಿ ಪ್ರಶ್ನಿಸಿತು. ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಲ್ಲಿಂದ 1993ರವರೆಗೆ, ಎಂದರೆ ಐವತ್ತೆಂಟು ವರ್ಷ, ಅವರು ಕಾಯ್ದರು. ಆ ವರ್ಷ ಕಾನೂನು ಬಂದಿತು. ವೃತ್ತಿಯನ್ನು ನಿಯಂತ್ರಿಸುವ ಪರಿಷತ್ತೂ ರೂಪುಗೊಂಡಿತು. ಈಗ ಅಲ್ಲಿ ನಾಲ್ಕೈದು ವರ್ಷಗಳ ವ್ಯಾಸಂಗ ಮುಗಿಸಿ ನೋಂದಣಿ ಮಾಡಿಸಿಕೊಳ್ಳದೆ ‘ಆಸ್ಟಿಯೋಪಾಥ್’ ಎಂದು ಹೇಳಿಕೊಳ್ಳುವುದೇ ಅಪರಾಧ. ಆದರೆ ಅಲ್ಲಿ ಅವನು ಅಮೆರಿಕದಲ್ಲಿರುವಂತೆ ಪೂರ್ಣ ವೈದ್ಯನಲ್ಲ.

ಹೀಗೆ ಒಂದೇ ನಾಣ್ಯಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಬೆಲೆ. ನಮ್ಮ ದೇಶದಲ್ಲಿ ಒಡಿಶಾದ ಕಟಕ್‌ನಲ್ಲಿರುವ ಶ್ರೀ ಶ್ರೀ ವಿಶ್ವವಿದ್ಯಾನಿಲಯದಂಥ ಕಡೆ ಇದರ ಪದವಿ ವ್ಯಾಸಂಗವುಂಟು. ಆದರೆ ವೈದ್ಯರಿಗೂ ದಂತವೈದ್ಯರಿಗೂ ಇರುವಂತೆ ಆಸ್ಟಿಯೋಪಥಿಗೆಂದೇ ಮೀಸಲಾದ ಶಾಸನಬದ್ಧ ಮಂಡಲಿ ಇಲ್ಲ. ಆದುದರಿಂದ ವರ್ಷಗಟ್ಟಲೆ ಓದಿದವರ ನಾಮಫಲಕವೂ ಆರು ದಿನದ ಶಿಬಿರಕ್ಕೆ ಹೋಗಿಬಂದವರ ನಾಮಫಲಕವೂ ರಸ್ತೆಯಲ್ಲಿ ಹೋಗುವವನಿಗೆ ಒಂದೇ ರೀತಿ ಕಾಣಿಸುತ್ತದೆ. ಖೋಟಾ ನೋಟು ಚಲಾವಣೆಗೆ ಬಂದರೆ ನಷ್ಟವಾಗುವುದು ಅದನ್ನು ಪಡೆದವನಿಗೆ ಮಾತ್ರವಲ್ಲ, ನಿಜವಾದ ನೋಟನ್ನು ಹಿಡಿದವನನ್ನೂ ಜನ ಸಂಶಯದಿಂದ ನೋಡತೊಡಗುತ್ತಾರೆ. ಇಲ್ಲಿಯೂ ಹಾಗೆಯೇ.

ಪದವಿ ಹಣಕ್ಕೆ ದೊರೆಯುವುದು ನಮ್ಮ ದೇಶದ ಜಾಡ್ಯವೊಂದೇ ಎಂದೂ ಭಾವಿಸಬೇಕಾಗಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಡು ವೈದ್ಯಸಂಘಗಳು ಒಂದಾದಾಗ, ಆಸ್ಟಿಯೋಪಥಿಯ ಪದವೀಧರರು 65 ಡಾಲರ್ ಶುಲ್ಕ ತೆತ್ತು, ಅಲ್ಪಕಾಲದ ಉಪನ್ಯಾಸಗಳಿಗೆ ಹಾಜರಾಗಿ, ತಮ್ಮ ಪದವಿಯನ್ನು ಸಾಮಾನ್ಯ ವೈದ್ಯಪದವಿಗೆ ಬದಲಾಯಿಸಿಕೊಳ್ಳಲು ಅವಕಾಶವಾಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಹಾಗೆ ಮಾಡಿಕೊಂಡರು. ಆದರೆ ಒಂದು ಅಂತರವನ್ನು ಮರೆಯಲಾಗದು. ಅವರು ಆ ಮುಂಚೆಯೇ ವರ್ಷಗಟ್ಟಲೆ ವೈದ್ಯಕೀಯ ಓದಿ, ಆಸ್ಪತ್ರೆಗಳಲ್ಲಿ ದುಡಿದಿದ್ದವರು. ಅಲ್ಲಿ ಬದಲಾದುದು ಹೆಸರು. ನಮ್ಮಲ್ಲಿ ಹೆಸರು ಮೊದಲು ಬರುತ್ತದೆ. ಓದು ಬರುವುದೇ ಇಲ್ಲ.

ವಿಜ್ಞಾನದ ಮಾತು

ಈ ಚಿಕಿತ್ಸೆಯಿಂದ ಪ್ರಯೋಜನವುಂಟೇ? ಉಂಟು, ಮಿತವಾಗಿ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಕ ಸಂಸ್ಥೆಯಾದ ‘ನೈಸ್’ 2016ರಲ್ಲಿ ಸೊಂಟನೋವಿನ ಬಗ್ಗೆ ಹೊರಡಿಸಿದ ಸೂಚನೆಯಲ್ಲಿ, ಮಾಲೀಶನ್ನೂ ಬೆನ್ನೆಲುಬನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆಯನ್ನೂ ವ್ಯಾಯಾಮದ ಜೊತೆಗೆ ಮಾತ್ರ, ಅದರ ಒಂದು ಅಂಗವಾಗಿ, ಪರಿಗಣಿಸಬಹುದೆಂದು ಹೇಳಿದೆ. ಮೂಳೆಯ ಸ್ಥಾನ ತಪ್ಪುವುದೇ ಸಕಲ ರೋಗಗಳಿಗೂ ಮೂಲವೆಂಬ ಸ್ಟಿಲ್‌ನ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ತಲೆಬುರುಡೆಯ ಮೂಳೆಗಳನ್ನು ಮೆಲ್ಲಗೆ ಒತ್ತಿ ರೋಗ ವಾಸಿಮಾಡುವ ಅದರ ಉಪಶಾಖೆಗಂತೂ ಆಧಾರ ತೀರ ದುರ್ಬಲ. ಮಧುಮೇಹ, ರಕ್ತದ ಒತ್ತಡ, ಆಸ್ತಮಗಳು ಕತ್ತು ತಿರುವಿದರೆ ಹೋಗುತ್ತವೆಂದು ಹೇಳುವ ಯಾರನ್ನೇ ಆಗಲಿ ನಂಬಲಾಗದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ‘ನೈಸ್’ ಸಂಸ್ಥೆಯ ಸೂಚನೆಯಲ್ಲಿ ಮಾಲೀಶೂ ಬೆನ್ನೆಲುಬಿನ ಚಿಕಿತ್ಸೆಯೂ ಒಂದೇ ಸಾಲಿನಲ್ಲಿವೆ. ಎಂದರೆ ನಮ್ಮ ಮಾಲೀಶಿನವರು ಸೊಂಟನೋವಿಗೆ ಕೊಡುತ್ತಿದ್ದ ಉಪಶಮನ ಕೀಳಾದುದೇನಲ್ಲ. ಹಾಗಾದರೆ ಮಾಲೀಶಿನವನಿಗೂ ಆಸ್ಟಿಯೋಪಾಥ್‌ನಿಗೂ ಇರಬೇಕಾದ ವ್ಯತ್ಯಾಸ ಯಾವುದು?

ಯಾರನ್ನು ಮುಟ್ಟಬಾರದು?

ಬ್ಯಾಂಕಿನಲ್ಲಿ ಸಾಲ ಕೊಡುವಾಗ, ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ಲಾಭ ಬರುವುದೆಂದು ಕೇಳುವುದಕ್ಕಿಂತ ಹೆಚ್ಚಾಗಿ, ತಪ್ಪಿದರೆ ಏನು ಗತಿಯೆಂದು ಕೇಳುತ್ತೇವೆ. ಆ ಅಭ್ಯಾಸಬಲದಿಂದ ಅರ್ಜಿದಾರರನ್ನು ಕೇಳಿದೆ: “ಯಾರನ್ನ ಮುಟ್ಟಬಾರದು ಅಂತ ಶಿಬಿರದಾಗ ಹೇಳಿಕೊಟ್ಟಾರೇನ್ರಿ?” ಅವರು ಯೋಚಿಸಿದರು. “ಉಸ್ತಾದರು ಹೇಳ್ತಿದ್ರು ಸಾಹೇಬ್ರ, ಬಾವು ಬಿಸಿ ಇದ್ರ ಕೈ ಇಡಬ್ಯಾಡ ಅಂತ. ಇವರು ಅದನ್ನ ಹೇಳಲಿಲ್ಲರೀ” ಎಂದರು. ಶಿಬಿರದಲ್ಲಿ ಕೊಟ್ಟಿದ್ದ ನಲವತ್ತು ಪುಟಗಳ ಪುಸ್ತಿಕೆಯನ್ನು ನಾನೇ ಮಗುಚಿ ನೋಡಿದೆ. ಕತ್ತನ್ನು ಹೇಗೆ ತಿರುವಬೇಕೆಂಬುದಕ್ಕೆ ಚಿತ್ರಗಳಿದ್ದುವು. ಯಾರ ಕತ್ತನ್ನು ತಿರುವಬಾರದೆಂಬುದಕ್ಕೆ ಒಂದು ಪುಟವೂ ಇರಲಿಲ್ಲ.

ನಮ್ಮ ಕತ್ತಿನಲ್ಲಿ ಏಳು ಕಶೇರುಗಳಿವೆ. ಅವುಗಳ ಇಕ್ಕೆಲದ ರಂಧ್ರಗಳಲ್ಲಿ ಹಾದು ಎರಡು ಅಪಧಮನಿಗಳು ಮಿದುಳಿಗೆ ರಕ್ತವನ್ನು ಒಯ್ಯುತ್ತವೆ. ಕತ್ತನ್ನು ಥಟ್ಟನೆ ತಿರುವಿದಾಗ ಈ ನಾಳದ ಒಳಪದರ ಸೀಳಿ, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ತಗಲುವ ಸಂಭವವುಂಟು. ಇದು ಅಪರೂಪವೇ ಸರಿ. ಆದರೆ ತಗಲಿದವನ ಮನೆಯವರಿಗೆ ಆ ಅಪರೂಪದಿಂದ ಸಮಾಧಾನವಿಲ್ಲ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸವುಳ್ಳವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನೂ ಕೆಲವು ಲಕ್ಷಣಗಳನ್ನು ಸಾಮಾನ್ಯ ಓದುಗರ ಉಪಯೋಗಕ್ಕಾಗಿ ಹೇಳುವುದು ಅಪ್ರಸ್ತುತವಾಗಲಾರದು. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾದೀತು. ಬೆನ್ನುನೋವಿನ ಜೊತೆಗೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ವಯಸ್ಸಾದವರು ಬಿದ್ದ ಮೇಲೆ ನೋವು ಆರಂಭವಾಗಿದ್ದರೆ, ಮೊದಲು ಹೋಗಬೇಕಾದುದು ವೈದ್ಯರ ಬಳಿಗೆ. ತೊಡೆಸಂದಿ, ಗುದದ್ವಾರದ ಸುತ್ತ ಸ್ಪರ್ಶಜ್ಞಾನ ತಪ್ಪಿ, ಮೂತ್ರದ ಮೇಲೆ ಹಿಡಿತ ಹೋದರೆ ಅದು ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಎಡಭುಜದ ನೋವು ಹೃದಯದಿಂದ ಬಂದುದಾಗಿರಲೂಬಹುದು.

ಮಾಲೀಶಿನವನು ‘ಸ್ವಲ್ಪ ಹಗುರವಾಗುತ್ತದೆ’ ಎಂದು ಮಾತ್ರ ಹೇಳುತ್ತಾನೆ. ರೋಗಿ ವೈದ್ಯರ ಬಳಿಗೂ ಹೋಗುತ್ತಾನೆ. ‘ಡಾ.’ ಎಂಬ ಫಲಕ ಬಿದ್ದೊಡನೆ ರೋಗಿ ಅಲ್ಲಿಯೇ ನಿಲ್ಲುತ್ತಾನೆ. ಬೇರೆಡೆಗೆ ಹೋಗುವ ಅಗತ್ಯವಿಲ್ಲವೆಂದು ನಂಬುತ್ತಾನೆ. ಕೈ ಅದೇ ಕೈ ಎಂಬ ಮಾತು ನಿಜ. ಆದರೆ ಆ ಕೈಯ ಮೇಲೆ ಬೀಳುವ ಹೊಣೆ ಮಾತ್ರ ಬೇರೆ. ರೋಗವನ್ನು ಗುರುತಿಸಿ, ‘ಇದು ನನ್ನ ಕೈಗೆ ಮೀರಿದ್ದು’ ಎಂದು ಹೇಳಬಲ್ಲ ವಿವೇಕಕ್ಕಾಗಿಯೇ ಆ ವರ್ಷಗಳ ಓದು.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ವೈದ್ಯಕೀಯದ ಹಿನ್ನೆಲೆಯಿಲ್ಲದವರು ಆಸ್ಟಿಯೋಪಾಥ್ ಆಗಬೇಕಾದರೆ ಸುಮಾರು 4200 ಗಂಟೆಗಳ ಶಿಕ್ಷಣ ಬೇಕು. ಅದರಲ್ಲಿ ಕನಿಷ್ಠ 1000 ಗಂಟೆ ಅನುಭವಿಗಳ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡಿರಬೇಕು. ನಮ್ಮ ಅರ್ಜಿದಾರರ ಶಿಬಿರ ದಿನಕ್ಕೆ ಎಂಟು ಗಂಟೆಯಂತೆ ಆರು ದಿನ, ಒಟ್ಟು 48 ಗಂಟೆ. ಎಂದರೆ ಎಂಬತ್ತೇಳರಲ್ಲಿ ಒಂದು ಪಾಲು. ನೂರು ರೂಪಾಯಿ ಸಾಲಕ್ಕೆ ಒಂದು ರೂಪಾಯಿ ಹದಿನಾಲ್ಕು ಪೈಸೆಯ ಅಡಮಾನ ತಂದರೆ ಯಾವ ಬ್ಯಾಂಕೂ ಒಪ್ಪಲಾರದು.

ಕಾನೂನಿನ ಮಾತನ್ನೂ ಹೇಳಬೇಕು. 1996ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಮ್ಮ ಮುಂಬಯಿಯದೇ ಪ್ರಕರಣವೊಂದು ಬಂದಿತ್ತು. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟು, ರೋಗಿ ಮೃತಪಟ್ಟಿದ್ದ. ಯಾವ ಪದ್ಧತಿಯ ಜ್ಞಾನವಿಲ್ಲವೋ ಆ ಪದ್ಧತಿಯಲ್ಲಿ ವೃತ್ತಿ ನಡೆಸುವವನು ನಕಲಿ ವೈದ್ಯನೇ ಎಂದು ನ್ಯಾಯಾಲಯ ಹೇಳಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನಿನಲ್ಲಿ, ನೋಂದಣಿಯಿಲ್ಲದೆ ವೈದ್ಯನಾಗಿ ವೃತ್ತಿ ನಡೆಸುವವನಿಗೆ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅವರು ಕೇಳಿದ ಸಾಲದ ಮೊತ್ತವೂ ಐದು ಲಕ್ಷವೇ ಆಗಿತ್ತು!

ಎರಡು ಆಕ್ಷೇಪಗಳು

ಮಿತ್ರರೊಬ್ಬರೊಡನೆ ಈ ವಿಷಯ ಚರ್ಚಿಸಿದಾಗ ಅವರು ಎರಡು ಆಕ್ಷೇಪಗಳನ್ನೆತ್ತಿದರು. ಮೊದಲನೆಯದು: ಆಸ್ಟಿಯೋಪಥಿಯನ್ನು ಸ್ಥಾಪಿಸಿದ ಸ್ಟಿಲ್‌ನೇ ಕಾಲೇಜಿನ ಪದವಿಯ ಬಲದಿಂದ ಬಂದವನಲ್ಲ; ಬಡ ಮಾಲೀಶಿನವನಿಂದ ಪದವಿ ಕೇಳುವುದು ನ್ಯಾಯವೇ? ಒಪ್ಪತಕ್ಕ ಮಾತು. ಆದರೆ ಆ ಕಾಲದಲ್ಲಿ ಕ್ಷಕಿರಣವಿರಲಿಲ್ಲ, ರಕ್ತಪರೀಕ್ಷೆಯಿರಲಿಲ್ಲ; ಓದಿದ ವೈದ್ಯನೂ ಓದದವನೂ ಬಹುಪಾಲು ಒಂದೇ ಕತ್ತಲೆಯಲ್ಲಿ ತಡಕಾಡುತ್ತಿದ್ದರು. ಈಗ ದೀಪವಿದೆ. ದೀಪವಿರುವಾಗ ಕತ್ತಲೆಯಲ್ಲಿ ನಡೆಯುವುದು ಸಾಹಸವೆನಿಸದು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಪದವಿಯುಳ್ಳವರು ತಪ್ಪು ಮಾಡುವುದಿಲ್ಲವೇ? ಮಾಡುತ್ತಾರೆ. ಅಂಥ ಉದಾಹರಣೆಗಳು ಪತ್ರಿಕೆಗಳಲ್ಲಿ ನಿತ್ಯವೂ ಬರುತ್ತವೆ. ಆದರೆ ನೋಂದಣಿಯುಳ್ಳವನು ತಪ್ಪಿದಾಗ ದೂರು ಕೊಡಲು ಒಂದು ಬಾಗಿಲಿದೆ. ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಯಾವ ಪಟ್ಟಿಯಲ್ಲಿಯೂ ಇಲ್ಲದವನ ಹೆಸರನ್ನು ಎಲ್ಲಿಂದ ತೆಗೆಯುವುದು? ಅಷ್ಟೇ ಅಲ್ಲ, ಏನಾದರೂ ಅನಾಹುತವಾದರೆ ಸೆರೆಮನೆಗೆ ಹೋಗುವವನು ಶುಲ್ಕ ಪಡೆದು ಪ್ರಮಾಣಪತ್ರ ಹಂಚಿದವನಲ್ಲ. ಅದನ್ನು ನಂಬಿ ಗೋಡೆಗೆ ತೂಗುಹಾಕಿದ ಬಡವ. ನನ್ನ ದೃಷ್ಟಿಯಲ್ಲಿ ಇಲ್ಲಿ ಮೊದಲು ಮೋಸಹೋದವರು ನಮ್ಮ ಅರ್ಜಿದಾರರೇ.

ಅರ್ಜಿಯ ಗತಿ

ಪರಿಚಿತರ ಅರ್ಜಿಯಾದುದರಿಂದ ಪರಿಚಯದ ಸಂಗತಿಯನ್ನೂ ನಮೂದಿಸಿ ನನ್ನ ಅಭಿಪ್ರಾಯವನ್ನು ಮೇಲಧಿಕಾರಿಗಳಿಗೆ ಒಪ್ಪಿಸಿದೆ. ಚಿಕಿತ್ಸಾಲಯದ ಹೆಸರಿನಲ್ಲಿ ಸಾಲ ಕೊಡಲಾಗದು. ಮಾಲೀಶು ಕೇಂದ್ರವೆಂಬ ಹೆಸರಿನಲ್ಲಿ, ಕಡಿಮೆ ಮೊತ್ತಕ್ಕೆ ಹೊಸ ಅರ್ಜಿ ಕೊಟ್ಟರೆ ಪರಿಶೀಲಿಸಬಹುದು ಎಂಬುದು ನನ್ನ ಶಿಫಾರಸು. ಅದರಂತೆಯೇ ತೀರ್ಮಾನವಾಯಿತು. ಅವರು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, ಮಾತಿಲ್ಲದೆ ಹೊರಟುಹೋದರು. ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ತಾಯಿಯವರು ನನ್ನನ್ನು ಕ್ಷಮಿಸಲಿಲ್ಲ. “ಮ್ಯಾಲೆ ಬರ್ತೀನಿ ಅಂದಾಂವನ ಕೈ ಹಿಡಿಯೋದು ಬಿಟ್ಟು ದೂಡಿದೇನಪಾ?” ಎಂದರು.

ಬ್ಯಾಂಕಿನ ನಿಯಮಕ್ಕೆ ನನ್ನ ತೀರ್ಮಾನ ಸರಿಯಾಗಿತ್ತು. ಇಂದಿಗೂ ಅದನ್ನು ಬದಲಿಸಲಾರೆ. ಆದರೆ ತಾಯಿಯವರ ಮಾತಿನಲ್ಲಿಯೂ ಸತ್ಯವಿತ್ತು. ‘ಇದು ದಾರಿಯಲ್ಲ’ ಎಂದು ಹೇಳುವುದು ಸುಲಭ. ‘ದಾರಿ ಇದು’ ಎಂದು ತೋರಿಸುವುದು ನನ್ನ ಕೆಲಸವಲ್ಲವೆಂದು ನಾನು ಭಾವಿಸಿದ್ದೆ. ಆರು ತಿಂಗಳ ಬಳಿಕ ನಾನೇ ಅವರ ಮನೆಗೆ ಹೋದೆ. ಅಲ್ಲಿ ನನಗೆ ಕುರ್ಚಿ ಹಾಕಿದರು.

ಅಂದು ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಪದವಿಯ ವ್ಯಾಸಂಗಕ್ಕೆ ವಿಜ್ಞಾನ ವಿಷಯಗಳೊಂದಿಗೆ ಹನ್ನೆರಡನೆಯ ಇಯತ್ತೆ ಆಗಬೇಕು. ಅದನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ದುಡಿಯುತ್ತಲೇ ಓದಬಹುದು. ಅದಾದ ಮೇಲೆ ಆಸ್ಟಿಯೋಪಥಿಯೋ ಫಿಜಿಯೋಥೆರಪಿಯೋ, ನಾಲ್ಕೈದು ವರ್ಷ. ಒಟ್ಟಿನಲ್ಲಿ ಐವತ್ತರ ಅಂಚಿಗೆ ಬರುತ್ತಾರೆ. ಇಲ್ಲವೆ ಅಷ್ಟು ದೂರ ಹೋಗದೆ, ಸರಕಾರದ ಮನ್ನಣೆಯುಳ್ಳ ಕೌಶಲ್ಯ ಶಿಕ್ಷಣದಲ್ಲಿ ಮಾಲೀಶಿನ ತರಬೇತಿಯನ್ನೇ ಕ್ರಮವಾಗಿ ಪಡೆದು, ಫಿಜಿಯೋಥೆರಪಿಸ್ಟರೊಬ್ಬರ ಜೊತೆಗಿದ್ದು ದುಡಿಯಬಹುದು. 2024ರಲ್ಲಿ ಪರಿಷ್ಕೃತವಾದ ಮಾದರಿ ಕೌಶಲ್ಯ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಗಳವರೆಗೆ ಸಾಲಕ್ಕೆ ಅವಕಾಶವಿದೆ. ಇದನ್ನೆಲ್ಲ ಮೊದಲ ದಿನವೇ ಹೇಳಬಹುದಾಗಿತ್ತು.

ನಮ್ಮ ಸಂಘದ ಹೊಣೆ

ಮುಂಬಯಿ ಕನ್ನಡಿಗರಿಗೆ ವೃತ್ತಿಯನ್ನು ಬದಲಿಸುವುದು ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ-ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಓದಿ, ಗುಮಾಸ್ತರಾಗಿ, ವಕೀಲರಾಗಿ, ಅಧಿಕಾರಿಗಳಾಗಿ ಬೆಳೆದ ಹಿರಿಯರು ನಮ್ಮ ನಡುವೆ ಎಷ್ಟೋ ಮಂದಿ. ಅವರಾರೂ ಆರು ದಿನಗಳಲ್ಲಿ ವಕೀಲರಾಗಲಿಲ್ಲ. ಆದರೆ ಅವರಿಗೆ ಸಮಾಜ ರಾತ್ರಿಶಾಲೆಯ ಬಾಗಿಲನ್ನು ತೆರೆದಿಟ್ಟಿತ್ತು. ಇದೇ ನಗರದಲ್ಲಿ 1952ರ ಪೋಲಿಯೋ ಹಾವಳಿಯ ಬಳಿಕ, 1953ರಲ್ಲಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಜಿಯೋಥೆರಪಿಯ ಶಾಲೆ ಆರಂಭವಾಯಿತು. ಕೈಯಿಂದ ಮಾಡುವ ಆ ಚಿಕಿತ್ಸೆ ಇಂದು 2021ರ ಸಹವೈದ್ಯಕೀಯ ವೃತ್ತಿಗಳ ಕಾನೂನಿನಲ್ಲಿ ಸ್ಥಾನ ಪಡೆದಿದೆ. ಕೈಕೆಲಸಕ್ಕೆ ಮರ್ಯಾದೆ ಬರುವ ಕ್ರಮ ಹೀಗೆ: ಶಾಲೆ, ಅನುಭವ, ಪರೀಕ್ಷೆ, ಕಡೆಗೆ ಫಲಕ.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸೂಚನೆಗಳನ್ನು ಸವಿನಯವಾಗಿ ಇಡುತ್ತೇನೆ. ಮೊದಲನೆಯದು, ನಾವು ಪ್ರತಿವರ್ಷ ನಡೆಸುವ ಆರೋಗ್ಯ ಶಿಬಿರದಲ್ಲಿ ಒಂದು ಅರ್ಧದಿನವನ್ನು ಮಾಲೀಶಿನವರಿಗೆ, ಬಾಣಂತಿ-ಕೂಸುಗಳಿಗೆ ನೀರೆರೆಯುವವರಿಗೆ, ಮನೆಯಲ್ಲಿ ರೋಗಿಗಳ ಆರೈಕೆ ಮಾಡುವವರಿಗೆ ಮೀಸಲಿಡಬೇಕು. ಯಾವ ಲಕ್ಷಣ ಕಂಡರೆ ಕೈ ಹಿಂದೆಗೆಯಬೇಕೆಂದು ಮೂಳೆತಜ್ಞರೊಬ್ಬರು ಅವರಿಗೆ ಕನ್ನಡದಲ್ಲಿ ತಿಳಿಸಲಿ. ಎರಡನೆಯದು, ನಮ್ಮ ವಿದ್ಯಾನಿಧಿ ಹೆಚ್ಚು ಅಂಕ ಪಡೆದ ಮಕ್ಕಳಿಗಷ್ಟೇ ಸೀಮಿತವಾಗಬಾರದು. ನಲವತ್ತರ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿಯುವ ದುಡಿಮೆಗಾರರಿಗೂ ಅದರಲ್ಲಿ ಒಂದು ಪಾಲು ಇರಲಿ. ಮೂರನೆಯದಕ್ಕೆ ಹಣ ಬೇಕಿಲ್ಲ. ಮನೆಗೆ ಬರುವ ಮಾಲೀಶಿನವರಿಗೆ ಕುರ್ಚಿ ಕೊಡೋಣ, ಬಹುವಚನದಿಂದ ಮಾತನಾಡಿಸೋಣ, ಕೂಲಿಯಲ್ಲಿ ಚೌಕಾಸಿ ಮಾಡದಿರೋಣ. ತನ್ನ ಹೆಸರಿನಲ್ಲಿಯೇ ಮರ್ಯಾದೆ ದೊರೆತವನು ಎರವಲು ಹೆಸರಿಗೆ ಹೋಗುವುದು ಕಡಿಮೆ.

ಓದುಗರಲ್ಲಿಯೂ ಒಂದು ವಿನಂತಿ. ಬೆನ್ನು, ಕತ್ತುಗಳನ್ನು ಯಾರ ಕೈಗಾದರೂ ಒಪ್ಪಿಸುವ ಮುನ್ನ ಕೇಳಿರಿ: ಎಲ್ಲಿ ಓದಿದಿರಿ, ಎಷ್ಟು ವರ್ಷ, ಯಾವ ನೋಂದಣಿ, ಯಾವ ರೋಗಿಯನ್ನು ನೀವು ಹಿಂದಕ್ಕೆ ಕಳುಹಿಸುತ್ತೀರಿ? ಕಡೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನೀವೇ ಹಿಂದಕ್ಕೆ ಬನ್ನಿರಿ.

ಅರ್ಜಿದಾರರು ಈಗ ಫಿಜಿಯೋಥೆರಪಿಸ್ಟರೊಬ್ಬರ ಕೈಕೆಳಗೆ ಬೆಳಿಗ್ಗೆ ನಾಲ್ಕು ಗಂಟೆ ಕೆಲಸ ಮಾಡುತ್ತಾರೆ. ಉಳಿದ ಹೊತ್ತು ತಮ್ಮ ಮಾಲೀಶು. ಮುಕ್ತಶಾಲೆಯ ಹನ್ನೆರಡನೆಯ ಇಯತ್ತೆಗೆ ಹೆಸರು ಹಚ್ಚಿದ್ದಾರೆ. ಜೀವಶಾಸ್ತ್ರ ಹಿಡಿಸುತ್ತದಂತೆ, ಭೌತಶಾಸ್ತ್ರ ಕಷ್ಟವಂತೆ. ಕಟಕ್‌ವರೆಗೆ ಹೋಗುವರೋ ಇಲ್ಲವೋ ಅವರಿಗೂ ತಿಳಿಯದು, ನನಗೂ ತಿಳಿಯದು. ಚೌಕಟ್ಟು ಹಾಕಿಸಿದ ಆ ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಕಳೆದ ತಿಂಗಳು ತಾಯಿಯವರ ಕಾಲು ಊದಿಕೊಂಡಾಗ ಅವರು ಎಣ್ಣೆಯ ಸೀಸೆಯನ್ನು ತೆರೆಯಲೇ ಇಲ್ಲ. “ಇವತ್ತ ಬ್ಯಾಡ ಅವ್ವಾರ, ಮೊದಲ ಡಾಕ್ಟರಿಗೆ ತೋರಸ್ರಿ” ಎಂದು ಹೇಳಿ, ಕೂಲಿಯನ್ನೂ ತೆಗೆದುಕೊಳ್ಳದೆ ಎದ್ದರು. ತಾಯಿಯವರು ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಚಹಾ ಕುಡಿದ ಮೇಲೆಯೇ ಹೋಗಗೊಟ್ಟರು.